ಪಾಯಾ ತೋಡುವ ಮೊದಲು ಎರೆ ಮಣ್ಣಿನ ಬಲ ಅರಿಯಿರಿ

ಬಿತ್ತನೆಗೆ ಮೊದಲು ಹೊಲದ ಮಣ್ಣನ್ನು ಪರೀಕ್ಷೆಗೆ ಕಳಿಸುವ ರೂಢಿ ನಮ್ಮ ರೈತರಲ್ಲಿ ಸಾಕಷ್ಟು ಬಂದಿದೆ. ರಸಸಾರ ಎಷ್ಟು, ಲವಣಾಂಶ ಎಷ್ಟು, ರಂಜಕ ಎಷ್ಟು ಎಂದು ಬರೆಸಿಕೊಂಡು ಅದಕ್ಕೆ ತಕ್ಕಂತೆ ಗೊಬ್ಬರ ಹಾಕುತ್ತೀರಿ. ಅದೇ ಹೊಲದ ಬದಿಗೆ ಮನೆ, ಪಂಪುಮನೆ, ಕಾಳಿನ ಗೋದಾಮು ಇಲ್ಲವೆ ದನದ ಕೊಟ್ಟಿಗೆ ಕಟ್ಟುವಾಗ ಮಾತ್ರ ಆ ಮಣ್ಣಿನ ಬಗ್ಗೆ ಯಾರನ್ನೂ ಕೇಳುವುದಿಲ್ಲ. ಒಂದು ಬೆಳೆ ಕೆಟ್ಟರೆ ಮುಂದಿನ ವರ್ಷ ಇನ್ನೊಂದು ಬೆಳೆ ಇದೆ. ಮನೆ ಕಟ್ಟುವುದು ಆಯುಷ್ಯದಲ್ಲಿ ಒಮ್ಮೆ. ಹತ್ತಾರು ವರ್ಷದ ಉಳಿತಾಯ, ಸಾಲ, ಮನೆಯವರ ಬಂಗಾರ ಎಲ್ಲವೂ ಅದಕ್ಕೆ ಸುರಿದಿರುತ್ತದೆ. ಹಾಗೆ ಕಟ್ಟಿದ ಗೋಡೆ ಎರಡನೆಯ ಮಳೆಗಾಲಕ್ಕೆ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುವುದನ್ನು ಎರೆ ಭೂಮಿಯ ಊರುಗಳಲ್ಲಿ ನೀವು ಬೇಕಾದಷ್ಟು ಕಂಡಿದ್ದೀರಿ.

ಜಮಖಂಡಿ ತಾಲ್ಲೂಕಿನ ತುಬಚಿ ಮತ್ತು ಅದರ ಸುತ್ತಲಿನ ಕೃಷ್ಣಾ ತೀರದ ಊರುಗಳಲ್ಲಿ ಈ ವಿಷಯ ಇಂದು ವಿಶೇಷ ಮಹತ್ವದ್ದು. ಕೃಷ್ಣೆಗೆ ಅಡ್ಡಲಾಗಿ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ರೈತರೇ ಹಣ ಮತ್ತು ಶ್ರಮ ಕೂಡಿಸಿ ಬ್ಯಾರೇಜು ಕಟ್ಟಿಕೊಂಡ ಸೀಮೆ ಇದು. ನೀರು ಬಂತು, ಕಬ್ಬು ಬಂತು, ಕಬ್ಬಿನ ಹಿಂದೆ ತೋಟದ ಮನೆಗಳು ಬಂದವು. ತುಬಚಿ-ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳಿಂದ ಮಡ್ಡಿಯ ಹೊಲಗಳಿಗೂ ನೀರು ಏರಿದೆ. 2019ರ ಆಗಸ್ಟ್ ತಿಂಗಳ ಮಹಾಪೂರದ ತರುವಾಯ ದಂಡೆಯ ಹಳ್ಳಿಗಳ ಅನೇಕ ಕುಟುಂಬಗಳು ಬಿದ್ದ ಮನೆಗಳನ್ನು ಮತ್ತೆ ಕಟ್ಟಬೇಕಾಯಿತು. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ಎರಡನೆಯ ನ್ಯಾಯಮಂಡಳಿಯ 2010ರ ತೀರ್ಪು ಅವಕಾಶ ಕೊಟ್ಟಿದೆ. ಅದು ಕಾರ್ಯರೂಪಕ್ಕೆ ಬಂದಾಗ ಇನ್ನೂ ಅನೇಕರು ಗುರುತಿಲ್ಲದ ಹೊಸ ನಿವೇಶನದಲ್ಲಿ ಪಾಯಾ ತೋಡಬೇಕಾಗುತ್ತದೆ. ಅಜ್ಜನ ಕಾಲದಿಂದ ಉತ್ತ ಹೊಲದ ಗುಣ ನಿಮಗೆ ಗೊತ್ತು. ಹೊಸ ನಿವೇಶನದ ಗುಣವನ್ನು ಹೇಗೆ ತಿಳಿಯಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಎರೆ ಮಣ್ಣಿನ ಉಸಿರಾಟ

ಬೇಸಿಗೆಯಲ್ಲಿ ಎರೆ ಹೊಲ ಬಿರಿಯುವುದು, ಮಳೆ ಬಿದ್ದ ಮೇಲೆ ಆ ಬಿರುಕುಗಳೆಲ್ಲ ಮುಚ್ಚಿ ಹೊಲ ಉಬ್ಬುವುದು ನಿಮಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಹಿಂಗಾರಿ ಜೋಳದ ಬೇರು ಹರಿಯದಂತೆ ಎಡೆ ಹೊಡೆದು ಬಿರುಕು ಮುಚ್ಚುವವರು ನೀವು. ಇದಕ್ಕೆ ಕಾರಣ ಈ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ. ಇದರ ಕಣಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಇರುತ್ತವೆ. ಹಾಳೆಗಳ ನಡುವೆ ನೀರು ಸೇರಿದರೆ ಅವು ದೂರ ಸರಿಯುತ್ತವೆ, ನೀರು ಆರಿದರೆ ಮತ್ತೆ ಕೂಡುತ್ತವೆ. ಮಣ್ಣು ವರ್ಷಕ್ಕೊಮ್ಮೆ ಉಸಿರು ಒಳಗೆ ಎಳೆದು ಹೊರಗೆ ಬಿಟ್ಟಂತೆ ಇದು.

ಈ ಉಬ್ಬುವಿಕೆಯ ಬಲ ಸಾಮಾನ್ಯವಾದುದಲ್ಲ. ಒಂದು ಲೆಕ್ಕ ನೋಡಿರಿ. ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ, ಮೇಲೆ ಸಿಮೆಂಟಿನ ಚಾವಣಿ ಇರುವ ಒಂದು ಅಂತಸ್ತಿನ ಮನೆಯಲ್ಲಿ ಪ್ರತಿ ಮೀಟರು ಉದ್ದದ ಗೋಡೆಯಿಂದ ಪಾಯಾದ ಮೇಲೆ ಸುಮಾರು 6 ಟನ್ ಭಾರ ಬೀಳುತ್ತದೆ. ಪಾಯಾ 3 ಅಡಿ ಅಗಲವಿದ್ದರೆ ಅದರ ತಳದ ಪ್ರತಿ ಚದರ ಸೆಂಟಿಮೀಟರಿಗೆ ಮುಕ್ಕಾಲು ಕಿಲೋಗ್ರಾಮಿಗೂ ಕಡಿಮೆ. ಒಣಗಿದ ಎರೆ ಮಣ್ಣು ನೀರು ಕುಡಿದು ಉಬ್ಬುವಾಗ ಮೇಲಕ್ಕೆ ಒತ್ತುವ ಬಲ ಪ್ರತಿ ಚದರ ಸೆಂಟಿಮೀಟರಿಗೆ 2 ಕಿಲೋಗ್ರಾಂ ದಾಟುವುದು ಅಪರೂಪವಲ್ಲ. ಅಂದರೆ ಇಲ್ಲಿ ಮನೆ ಮಣ್ಣನ್ನು ಒತ್ತುವುದಕ್ಕಿಂತ ಹೆಚ್ಚಾಗಿ ಮಣ್ಣೇ ಮನೆಯನ್ನು ಎತ್ತುತ್ತದೆ. ಇಡೀ ಮನೆಯನ್ನು ಸರಿಸಮವಾಗಿ ಎತ್ತಿದ್ದರೆ ಅಷ್ಟು ತೊಂದರೆ ಇರಲಿಲ್ಲ. ಆದರೆ ಒಂದು ಬದಿಗೆ ಬಚ್ಚಲ ನೀರು, ಇನ್ನೊಂದು ಬದಿಗೆ ಒಣ ಅಂಗಳ. ಒಂದು ಮೂಲೆ ಏರುತ್ತದೆ, ಇನ್ನೊಂದು ಇದ್ದಲ್ಲಿಯೇ ಇರುತ್ತದೆ. ಗೋಡೆ ಸೀಳುತ್ತದೆ.

ನಮ್ಮ ಹಳೆಯ ಮಾಳಿಗೆ ಮನೆಗಳು ಇದನ್ನು ತಾಳಿಕೊಂಡದ್ದೇಕೆ ಎಂದು ಕೆಲವರು ಕೇಳುತ್ತಾರೆ. ಆ ಮನೆಗಳಲ್ಲಿ ಮಾಳಿಗೆಯ ಭಾರ ಹೆಚ್ಚಾಗಿ ಕಂಬ, ತೊಲೆ, ಜಂತಿಗಳ ಮೇಲಿತ್ತು. ಕಟ್ಟಿಗೆಯ ಜೋಡಣೆ ಅಷ್ಟಿಷ್ಟು ಬಾಗುತ್ತದೆ, ಮಣ್ಣಿನ ಗೋಡೆಯ ಬಿರುಕನ್ನು ವರ್ಷಕ್ಕೊಮ್ಮೆ ಮೆತ್ತಿ ಸಾರಿಸಿದರೆ ಮುಗಿಯಿತು. ಇಟ್ಟಿಗೆ, ಸಿಮೆಂಟಿನ ಗೋಡೆ ಬಾಗಲಾರದು. ಹಳೆಯದೆಲ್ಲ ಗಟ್ಟಿ, ಹೊಸದೆಲ್ಲ ಪೊಳ್ಳು ಎಂದು ಇದರ ಅರ್ಥವಲ್ಲ. ಕಟ್ಟುವ ರೀತಿ ಬದಲಾದಾಗ ನೆಲವನ್ನು ನೋಡುವ ರೀತಿಯೂ ಬದಲಾಗಬೇಕಿತ್ತು, ಅದು ಆಗಲಿಲ್ಲ.

ಪೆಟ್ಟು ಎಣಿಸುವ ಪರೀಕ್ಷೆ

ಸಕ್ಕರೆ ಕಾರ್ಖಾನೆ, ಸೇತುವೆ, ಜಾಕ್‌ವೆಲ್ ಅಥವಾ ನೀರಿನ ದೊಡ್ಡ ತೊಟ್ಟಿ ಕಟ್ಟುವಾಗ ಇಂಜಿನಿಯರರು ಮೊದಲು ಮೂರು ಕಾಲಿನ ಒಂದು ಚೌಕಟ್ಟನ್ನು ತಂದು ನಿಲ್ಲಿಸಿ ನೆಲದಲ್ಲಿ ತೂತು ಕೊರೆಯುವುದನ್ನು ನೀವು ಕಂಡಿರಬಹುದು. ಅನೇಕರು ಅದನ್ನು ನೀರಿಗಾಗಿ ಹಾಕುವ ಬೋರು ಎಂದುಕೊಳ್ಳುತ್ತಾರೆ. ಅದು ನೆಲದ ಬಲ ಅಳೆಯುವ ಪರೀಕ್ಷೆ. ಅದಕ್ಕೆ ಸ್ಟ್ಯಾಂಡರ್ಡ್ ಪೆನೆಟ್ರೇಷನ್ ಟೆಸ್ಟ್ ಅಥವಾ ಚಿಕ್ಕದಾಗಿ ಎಸ್.ಪಿ.ಟಿ. ಎನ್ನುತ್ತಾರೆ. ನಾವು ಪೆಟ್ಟಿನ ಪರೀಕ್ಷೆ ಎಂದು ಕರೆಯೋಣ.

ಇದರ ತತ್ವ ಹೊಸತಲ್ಲ. ಗೂಟ ಬಡಿಯುವಾಗ ಎಷ್ಟು ಪೆಟ್ಟಿಗೆ ಎಷ್ಟು ಇಳಿಯಿತು ಎಂಬುದರಿಂದ ನೆಲ ಗಟ್ಟಿಯೋ ಸಡಿಲವೋ ಎಂದು ನೀವೂ ಹೇಳುತ್ತೀರಿ. ಆದರೆ ನಿಮ್ಮ ಪೆಟ್ಟು ಬೇರೆ, ನಿಮ್ಮ ಮಗನ ಪೆಟ್ಟು ಬೇರೆ. ಎಲ್ಲರ ಪೆಟ್ಟೂ ಒಂದೇ ಆಗುವಂತೆ ಮಾಡಿದ್ದೇ ಈ ಪರೀಕ್ಷೆಯ ವಿಶೇಷ. ಸುತ್ತಿಗೆಯ ತೂಕ 63.5 ಕಿ.ಗ್ರಾಂ., ಅದು ಬೀಳುವ ಎತ್ತರ 75 ಸೆಂ.ಮೀ. ಕೆಳಗೆ ಇಳಿಯುವುದು ಸುಮಾರು 5 ಸೆಂ.ಮೀ. ವ್ಯಾಸದ ಕೊಳವೆ. ಕೊಳವೆ ಉದ್ದಕ್ಕೆ ಎರಡು ಹೋಳಾಗಿ ಬಿಚ್ಚಿಕೊಳ್ಳುವಂತಿರುತ್ತದೆ. ಬೇಕಾದ ಆಳಕ್ಕೆ ತೂತು ಕೊರೆದು, ತಳ ಸ್ವಚ್ಛ ಮಾಡಿ, ಈ ಕೊಳವೆಯನ್ನು ಇಟ್ಟು ಸುತ್ತಿಗೆ ಬೀಳಿಸುತ್ತಾರೆ. ಮೊದಲ 15 ಸೆಂ.ಮೀ. ಇಳಿಯುವವರೆಗಿನ ಪೆಟ್ಟುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಲ್ಲಿಯ ಮಣ್ಣು ಕೊರೆಯುವಾಗ ಕದಡಿರುತ್ತದೆ. ಮುಂದಿನ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತೋ ಅದೇ ಆ ಆಳದ ಎಣಿಕೆ. ವರದಿಯಲ್ಲಿ ಇದನ್ನು 'ಎನ್' ಎಂದು ಬರೆದಿರುತ್ತಾರೆ. ಸಾಮಾನ್ಯವಾಗಿ ಪ್ರತಿ ಒಂದೂವರೆ ಮೀಟರಿಗೊಮ್ಮೆ, ಮಣ್ಣಿನ ಪದರು ಬದಲಾದಲ್ಲಿ ಮತ್ತೊಮ್ಮೆ ಹೀಗೆ ಎಣಿಸುತ್ತ ಇಳಿಯುತ್ತಾರೆ. ಕೊಳವೆಯನ್ನು ಬಿಚ್ಚಿದಾಗ ಆ ಆಳದ ಮಣ್ಣು ಒಳಗೇ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಎಣಿಕೆಗಿಂತ ಈ ಮಣ್ಣೇ ಹೆಚ್ಚು ಬೆಲೆಯುಳ್ಳದ್ದು.

1902ರಲ್ಲಿ ಅಮೆರಿಕದ ಬಾಸ್ಟನ್ ನಗರದ ಗುತ್ತಿಗೆದಾರ ಚಾರ್ಲ್ಸ್ ಗೌ ಒಂದಂಗುಲದ ಕೊಳವೆಯನ್ನು ಬಡಿದು ಮಣ್ಣಿನ ಮಾದರಿ ತೆಗೆಯಲು ಆರಂಭಿಸಿದಲ್ಲಿ ಇದರ ಮೂಲವಿದೆ. ಕಾರ್ಲ್ ಟೆರ್ಜಾಗಿ ಮತ್ತು ರಾಲ್ಫ್ ಪೆಕ್ ಎಂಬ ವಿಜ್ಞಾನಿಗಳು 1948ರ ತಮ್ಮ ಗ್ರಂಥದಲ್ಲಿ ಎಣಿಕೆಗೂ ಮಣ್ಣಿನ ಬಲಕ್ಕೂ ಸಂಬಂಧ ತೋರಿಸಿದ ಮೇಲೆ ಇದು ಜಗತ್ತಿನಲ್ಲೆಲ್ಲ ಬಳಕೆಗೆ ಬಂತು. ನಮ್ಮ ದೇಶದಲ್ಲಿ ಇದನ್ನು ಮಾಡುವ ಕ್ರಮವನ್ನು ಐ.ಎಸ್. 2131 ಎಂಬ ಭಾರತೀಯ ಮಾನಕ ನಿಗದಿ ಮಾಡಿದೆ.

ಜೇಡಿ ಮಣ್ಣಿನಲ್ಲಿ ಎಣಿಕೆ 2ಕ್ಕಿಂತ ಕಡಿಮೆ ಬಂದರೆ ಅದು ಕೆಸರಿನಂಥ ಮೆತ್ತನೆಯ ನೆಲ. 4ರಿಂದ 8 ಮಧ್ಯಮ, 8ರಿಂದ 15 ಬಿಗಿ, 15ರಿಂದ 30 ಬಹಳ ಬಿಗಿ, 30 ದಾಟಿದರೆ ಗಡಸು. ಹೊಳೆಯ ದಂಡೆಯಲ್ಲಿ ಕೆಳಗೆ ಮಳಲಿನ ಪದರು ಸಿಕ್ಕರೆ ಅದರ ಲೆಕ್ಕ ಬೇರೆ. ಅಲ್ಲಿ 10ಕ್ಕಿಂತ ಕಡಿಮೆ ಇದ್ದರೆ ಸಡಿಲ, 30 ದಾಟಿದರೆ ಮಾತ್ರ ಬಿಗಿ ಎನ್ನಬೇಕು.

ಇನ್ನೊಂದು ಹಗುರ ವಿಧಾನವೂ ಇದೆ. ಅದರಲ್ಲಿ ತೂತು ಕೊರೆಯದೆ, 5 ಸೆಂ.ಮೀ. ವ್ಯಾಸದ ಚೂಪು ಶಂಕುವನ್ನು 65 ಕಿ.ಗ್ರಾಂ. ಸುತ್ತಿಗೆಯಿಂದ ನೇರವಾಗಿ ಬಡಿದು ಪ್ರತಿ 10 ಸೆಂ.ಮೀ.ಗೆ ಪೆಟ್ಟು ಎಣಿಸುತ್ತಾರೆ. ಖರ್ಚು ಕಡಿಮೆ, ಕೆಲಸ ಬೇಗ. ಆದರೆ ಮಣ್ಣು ಕೈಗೆ ಸಿಗುವುದಿಲ್ಲ. ಎರೆ ಭೂಮಿಯಲ್ಲಿ ಇದೊಂದನ್ನೇ ನಂಬಬಾರದು.

ಎಣಿಕೆ ಎಲ್ಲಿ ದಾರಿ ತಪ್ಪಿಸುತ್ತದೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಪರೀಕ್ಷೆ ಮಾಡಿಸಿದವರೂ ನಮ್ಮ ಸೀಮೆಯಲ್ಲಿ ಮೋಸ ಹೋಗುವುದುಂಟು, ಏಕೆಂದರೆ ಪಾಯಾದ ಕೆಲಸ ನಡೆಯುವುದು ಸಾಮಾನ್ಯವಾಗಿ ಬೇಸಿಗೆಯಲ್ಲಿ. ಆಗ ಹೊಲದಲ್ಲಿ ಕೆಲಸವಿಲ್ಲ, ಆಳು ಸಿಗುತ್ತಾರೆ, ಗಾಡಿ ಓಡಾಡಲು ದಾರಿ ಗಟ್ಟಿಯಿರುತ್ತದೆ. ಗೌಂಡಿ ಬಂದು ಹಾರೆ ಎತ್ತಿ ಹಾಕುತ್ತಾನೆ. "ಟಣ್ ಅಂತೈತ್ರಿ ಗೌಡ್ರ, ನೆಲ ಕಲ್ಲಾಗೇತಿ, ಮೂರು ಅಡಿ ಸಾಕ್ರಿ" ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಆ ದಿನ ಆ ನೆಲ ಕಲ್ಲಿನಂತೆಯೇ ಇರುತ್ತದೆ. ಪೆಟ್ಟಿನ ಪರೀಕ್ಷೆಯನ್ನು ಅದೇ ದಿನ ಮಾಡಿದರೂ ಎಣಿಕೆ ಇಪ್ಪತ್ತರ ಮೇಲೆ ಬರಬಹುದು. ಅದೇ ಜಾಗದಲ್ಲಿ ಅದೇ ಆಳಕ್ಕೆ ಸೆಪ್ಟೆಂಬರ್ ಕೊನೆಗೆ ಮಾಡಿದರೆ ಅದು ಅರ್ಧಕ್ಕಿಂತ ಕೆಳಗೆ ಇಳಿದಿದ್ದರೂ ಆಶ್ಚರ್ಯಪಡಬೇಕಿಲ್ಲ. ಒಣ ಹೆಂಟೆಯನ್ನು ಕಾಲಿನಿಂದ ಒದ್ದರೆ ಬೆರಳಿಗೆ ಪೆಟ್ಟು, ನೆನೆದ ಹೆಂಟೆಯನ್ನು ಮುಷ್ಟಿಯಲ್ಲಿ ಹಿಚುಕಬಹುದು. ಮಣ್ಣು ಒಂದೇ.

ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ನೆಲ ಎಷ್ಟು ಒಣಗಿ ಗಟ್ಟಿಯಾಗಿದೆಯೋ ಅಷ್ಟು ಹೆಚ್ಚು ನೀರು ಕುಡಿಯಲು ಅದು ಕಾದಿರುತ್ತದೆ, ಅಷ್ಟೇ ಹೆಚ್ಚು ಉಬ್ಬುತ್ತದೆ. ಅಂದರೆ ಎರೆ ಮಣ್ಣಿನ ಮೇಲಿನ ಪದರಿನಲ್ಲಿ ಬೇಸಿಗೆಯ ದೊಡ್ಡ ಎಣಿಕೆ ಧೈರ್ಯ ಕೊಡುವ ಸಂಖ್ಯೆಯಲ್ಲ, ಎಚ್ಚರಿಸುವ ಸಂಖ್ಯೆ. ಮೇಲಿನ ಲೆಕ್ಕದಲ್ಲಿ ನೋಡಿದಂತೆ ಒಂದು ಅಂತಸ್ತಿನ ಮನೆಯ ಭಾರ ಹೊರಲು 8-10 ಎಣಿಕೆಯ ಬಿಗಿ ಜೇಡಿಯೂ ಸಾಕಾಗುತ್ತದೆ. ನಮ್ಮ ಊರಿನ ಮನೆಗಳು ಸೀಳುವುದು ನೆಲಕ್ಕೆ ಹೊರುವ ಶಕ್ತಿ ಇಲ್ಲವೆಂದಲ್ಲ. ಉಬ್ಬು-ಕುಗ್ಗನ್ನು ಪೆಟ್ಟಿನ ಪರೀಕ್ಷೆ ಅಳೆಯುವುದೇ ಇಲ್ಲ. ಅದನ್ನು ಬೇರೆಯಾಗಿ ಅಳೆಯಬೇಕು.

ಮೂರನೆಯದು ಸುಣ್ಣದ ಹರಳು. ಎರೆ ಮಣ್ಣಿನ ಕೆಳಪದರಿನಲ್ಲಿ ಬಿಳಿಯ ಸುಣ್ಣದ ಗಂಟುಗಳು ಇರುತ್ತವೆ. ಕೊಳವೆಯ ಬಾಯಿಗೆ ಅಂಥ ಒಂದು ಗಂಟು ಸಿಕ್ಕರೆ ಎಣಿಕೆ ಒಮ್ಮೆಲೆ ಜಿಗಿಯುತ್ತದೆ. ಗರಸಿನಲ್ಲಿಯ ಬಿಡಿ ಕಲ್ಲು ಸಿಕ್ಕರೆ ಕೊಳವೆ ಇಳಿಯುವುದೇ ಇಲ್ಲ. 15 ಸೆಂ.ಮೀ. ಇಳಿಯಲು 50 ಪೆಟ್ಟು ದಾಟಿದರೆ 'ಇಳಿಯಲಿಲ್ಲ' ಎಂದು ಬರೆದು ನಿಲ್ಲಿಸುವುದುಂಟು. ಅದನ್ನು ಓದಿ 'ಬಂಡೆ ಹತ್ತಿತು' ಎಂದುಕೊಳ್ಳಬೇಡಿರಿ. ಕೊಳವೆಯೊಳಗಿನ ಮಣ್ಣನ್ನು ನೋಡಿದರೆ, ಪಕ್ಕದ ತೂತಿನ ಎಣಿಕೆಯೊಡನೆ ತೂಗಿದರೆ ನಿಜ ತಿಳಿಯುತ್ತದೆ.

ಹೊಲದ ಕೆಲಸಕ್ಕೂ ಇದೇ ತತ್ವದ ಒಂದು ಸಾಧನವಿದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಉಪಯುಕ್ತ. ಟ್ರ್ಯಾಕ್ಟರು, ಕಬ್ಬಿನ ಲಾರಿ ಓಡಾಡಿ ನೇಗಿಲ ತಳದಲ್ಲಿ ಕಟ್ಟುವ ಗಟ್ಟಿ ಪದರನ್ನು ಕೃಷಿ ವಿಜ್ಞಾನಿಗಳು ಶಂಕುವಿನ ತುದಿಯ ಸಲಾಕೆ ಒತ್ತಿ ಅಳೆಯುತ್ತಾರೆ. ಒತ್ತಡ ಪ್ರತಿ ಚದರ ಸೆಂ.ಮೀ.ಗೆ ಸುಮಾರು 20 ಕಿ.ಗ್ರಾಂ. ದಾಟಿದರೆ ಬೇರು ಇಳಿಯುವುದು ಕಷ್ಟ. ಅಲ್ಲಿಯೂ ನಿಯಮ ಒಂದೇ. ಹೊಲ ಹದವಾಗಿ ನೆನೆದಾಗ ಮಾತ್ರ ಅಳೆಯಬೇಕು. ಒಣ ಹೊಲದಲ್ಲಿ ಅಳೆದರೆ ಎಲ್ಲ ಹೊಲವೂ ಗಟ್ಟಿಯೇ.

ನೀವೇ ಮಾಡಬಹುದಾದ ಶೋಧನೆ

ಎರಡು ಕೋಣೆಯ ತೋಟದ ಮನೆಗೆ ಯಂತ್ರ ತರಿಸುವುದು ಎಲ್ಲರಿಗೂ ಆಗುವ ಮಾತಲ್ಲ. ಎಲ್ಲರಿಗೂ ಅವಶ್ಯವೂ ಇಲ್ಲ. ಆದರೆ ಕೆಳಗಿನ ಕೆಲಸಗಳಿಗೆ ಸಲಿಕೆ, ಹಾರೆ ಮತ್ತು ಎರಡು ಬಾಟಲಿ ಸಾಕು.

ಮೊದಲು ಸುತ್ತಲಿನ ಬಾವಿಗಳನ್ನು ನೋಡಿರಿ. ತೆರೆದ ಬಾವಿಯ ಬದಿ ಎಂದರೆ ನೆಲದ ತೆರೆದ ಪುಸ್ತಕ. ಎರೆ ಎಷ್ಟು ಅಡಿ, ಹರಳು ಬೆರೆತ ಮಣ್ಣು ಎಷ್ಟು, ಗರಸು ಎಲ್ಲಿ ಆರಂಭ, ಕಲ್ಲು ಎಲ್ಲಿ ಎಂಬುದೆಲ್ಲ ಅಲ್ಲಿ ಕಾಣುತ್ತದೆ. ಕೃಷಿ ಹೊಂಡ, ಕಾಲುವೆಯ ಕಡಿತ, ಹಳ್ಳದ ದಂಡೆಗಳೂ ಇದನ್ನೇ ಹೇಳುತ್ತವೆ. ಹೊಳೆಯ ಸಮೀಪ ಎರೆ ಆಳವಾಗಿರುವುದು, ಮಡ್ಡಿಯ ಕಡೆಗೆ ಏರಿದಂತೆ ತೆಳುವಾಗುವುದು ಸಾಮಾನ್ಯ. ಆದರೆ ನೂರು ಮಾರು ಅಂತರದಲ್ಲಿಯೇ ವ್ಯತ್ಯಾಸ ಇರಬಹುದು. ಆದ್ದರಿಂದ ನಿಮ್ಮ ನಿವೇಶನದಲ್ಲಿಯೂ ಕುಣಿ ತೋಡಲೇಬೇಕು.

ಕುಣಿಯನ್ನು ಮನೆಯ ಎರಡು ಎದುರು ಮೂಲೆಗಳಲ್ಲಿ ತೋಡಿಸಿರಿ. ಗರಸು ಸಿಗುವವರೆಗೆ ಇಲ್ಲವೆ 6-7 ಅಡಿಯವರೆಗೆ ಇಳಿಯಿರಿ. ಎರೆ ಮಣ್ಣಿನ ಕುಣಿಯ ಬದಿ ಹೇಳದೆ ಕುಸಿಯುತ್ತದೆ. ಎದೆಮಟ್ಟ ದಾಟಿದ ಕುಣಿಗೆ ಬದಿಯಲ್ಲಿ ಹಲಗೆಯ ಆಧಾರ ಕೊಡಿರಿ, ಅಥವಾ ಬಾಯಿ ಅಗಲ ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿರಿ. ಒಬ್ಬನೇ ಇಳಿಯಬಾರದು, ಮೇಲೆ ಒಬ್ಬರು ಇರಲೇಬೇಕು. ತೆಗೆದ ಮಣ್ಣನ್ನು ಕುಣಿಯ ಅಂಚಿಗೆ ಒಟ್ಟಬಾರದು.

ಪ್ರತಿ ಅಡಿಗೊಮ್ಮೆ ಒಂದು ಹಿಡಿ ಮಣ್ಣು ತೆಗೆದು ಬೇರೆ ಬೇರೆ ಚೀಲದಲ್ಲಿಟ್ಟು ಆಳ ಬರೆಯಿರಿ. ಬೇಸಿಗೆಯಾಗಿದ್ದರೆ ಬಿರುಕಿನೊಳಗೆ ತೆಳುವಾದ ತಂತಿ ಇಳಿಸಿ ಎಷ್ಟು ಆಳಕ್ಕೆ ಹೋಗುತ್ತದೆ ಎಂದು ಅಳೆಯಿರಿ. ಬಿರುಕು ಇಳಿದಷ್ಟು ಆಳದವರೆಗಾದರೂ ಮಣ್ಣು ಪ್ರತಿವರ್ಷ ಉಬ್ಬಿ ಕುಗ್ಗುತ್ತಿದೆ ಎಂಬುದು ಖಂಡಿತ. ಬಳಿಕ ಕುಣಿಯ ತಳಕ್ಕೆ ಐದಾರು ಕೊಡ ನೀರು ಹಾಕಿ ಒಂದು ದಿನ ಬಿಡಿರಿ. ಮರುದಿನ ಅದೇ ಹಾರೆಯನ್ನು ಅಷ್ಟೇ ಎತ್ತರದಿಂದ ಬಿಡಿರಿ. ನಿನ್ನೆ ಎರಡು ಬೆರಳು ಇಳಿದದ್ದು ಇಂದು ಗೇಣುದ್ದ ಇಳಿದರೆ ಗೌಂಡಿಯ ಮಾತನ್ನು ಎಷ್ಟು ನಂಬಬೇಕೆಂದು ನಿಮಗೇ ತಿಳಿಯುತ್ತದೆ. ಗರಸು ನೆನೆದರೂ ಇಷ್ಟು ಬದಲಾಗುವುದಿಲ್ಲ.

ಉಬ್ಬುವ ಗುಣ ಅಳೆಯಲು ಎರಡು ಬಾಟಲಿಯ ಪರೀಕ್ಷೆ ಇದೆ. ಪ್ರಯೋಗಾಲಯದಲ್ಲಿ ಒಣಗಿಸಿ ಸಣ್ಣ ಜರಡಿ ಹಿಡಿದ ಮಣ್ಣನ್ನು 10 ಗ್ರಾಮಿನಂತೆ ಎರಡು ಅಳತೆಯ ಗಾಜಿನ ಕೊಳವೆಗಳಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಲಕಿ, 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಸೀಮೆಎಣ್ಣೆಯ ಕೊಳವೆಯಲ್ಲಿ ಮಣ್ಣು 10 ಗೆರೆಗೆ ನಿಂತು, ನೀರಿನ ಕೊಳವೆಯಲ್ಲಿ 18 ಗೆರೆಗೆ ನಿಂತರೆ ಉಬ್ಬು ಶೇಕಡಾ 80 ಎಂದರ್ಥ. ಮನೆಯಲ್ಲಿ ಮಾಡುವವರು ನೇರ ಬದಿಯ ಒಂದೇ ಅಳತೆಯ ಎರಡು ಗಾಜಿನ ಬಾಟಲಿ ತೆಗೆದುಕೊಂಡು, ಬಟ್ಟೆಯಲ್ಲಿ ಸೋಸಿದಂಥ ನುಣ್ಣನೆಯ ಒಣ ಮಣ್ಣನ್ನು ಸಮನಾಗಿ ತೂಗಿ ಹಾಕಿ, ಮರುದಿನ ಎತ್ತರವನ್ನು ಅಳತೆಪಟ್ಟಿಯಿಂದ ಅಳೆಯಬಹುದು. ಉಬ್ಬು ಶೇಕಡಾ 50 ದಾಟಿದ ಮಣ್ಣಿನ ಮೇಲೆ ಹಗುರ ಕಟ್ಟಡವನ್ನು ಸಾಮಾನ್ಯ ಪಾಯಾದಿಂದ ಕಟ್ಟಬೇಡಿರಿ. ಪ್ರತಿ ಅಡಿಯ ಚೀಲದ ಮಣ್ಣಿಗೂ ಇದನ್ನು ಮಾಡಿದರೆ ಉಬ್ಬುವ ಮಣ್ಣು ಎಲ್ಲಿ ಮುಗಿಯುತ್ತದೆ ಎಂಬುದೂ ಗೊತ್ತಾಗುತ್ತದೆ. ಸೀಮೆಎಣ್ಣೆ ಬಳಸುವಾಗ ಬೆಂಕಿಯಿಂದ ದೂರವಿರಿ.

ಒಂದು ಮಾತು. 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಈ ವಿವರ ಇರುವುದಿಲ್ಲ. ಅದು ಬೆಳೆಗಾಗಿ ಮಾಡಿದ ಪರೀಕ್ಷೆ. ಪಾಯಾದ ಮಣ್ಣಿಗೆ ಸಿವಿಲ್ ವಿಭಾಗವುಳ್ಳ ಇಂಜಿನಿಯರಿಂಗ್ ಕಾಲೇಜು ಅಥವಾ ಪಾಲಿಟೆಕ್ನಿಕ್ಕಿನ ಪ್ರಯೋಗಾಲಯವನ್ನು ವಿಚಾರಿಸಿರಿ.

ಗರಸು ಎಷ್ಟು ಆಳ, ಪಾಯಾ ಎಂಥದು

ಗರಸು 5-6 ಅಡಿಯೊಳಗೆ ಸಿಕ್ಕರೆ ಅರ್ಧಕ್ಕೆ ನಿಲ್ಲಬೇಡಿರಿ. ಎರೆಯನ್ನು ಪೂರ್ತಿ ದಾಟಿ ಗರಸಿನಲ್ಲಿ ಒಂದು ಗೇಣು ಇಳಿದು ಪಾಯಾ ಕೂರಿಸಿರಿ. ಇದು ಹಳೆಯ ಮಾತು, ಇಂದಿಗೂ ಇದಕ್ಕಿಂತ ಉತ್ತಮ ಮಾತಿಲ್ಲ. ಹೆಚ್ಚಿನ ಎರಡು ಅಡಿಯ ಕಲ್ಲಿನ ಖರ್ಚು ಮುಂದೆ ಗೋಡೆ ಕೆತ್ತಿ ಮತ್ತೆ ಗಿಲಾವು ಮಾಡುವ ಖರ್ಚಿಗಿಂತ ಕಡಿಮೆ. ಪಾಯಾದ ಎರಡೂ ಬದಿಗೆ ಅದೇ ಎರೆಯನ್ನು ತುಂಬದೆ ಗರಸು ತುಂಬಿ ಬಡಿಯಿರಿ. ನೆಲಗಟ್ಟಿನ ಕೆಳಗೂ ಎರೆ ಉಳಿಯದಂತೆ ನೋಡಿರಿ. ಗೋಡೆ ಗಟ್ಟಿ ನಿಂತು ಫರಸಿ ಮಾತ್ರ ನಡುವೆ ಉಬ್ಬಿದ ಮನೆಗಳೂ ಇವೆ.

ಗರಸು ಬಹಳ ಆಳದಲ್ಲಿದ್ದರೆ ಎರಡು ದಾರಿಗಳಿವೆ. ಒಂದು, ಪಾಯಾದ ತಳದ ಎರೆಯನ್ನು ಸುಮಾರು ಒಂದು ಮೀಟರು ತೆಗೆದು, ಉಬ್ಬದ ಆದರೆ ಅಂಟುಗುಣವುಳ್ಳ ಗರಸು ಮಣ್ಣನ್ನು ತುಂಬುವುದು. ಮುಂಬಯಿಯ ಐ.ಐ.ಟಿ.ಯ ಡಾ. ಆರ್. ಕೆ. ಕಟ್ಟಿಯವರು ರೂಪಿಸಿದ ಈ ವಿಧಾನವನ್ನು ನಮ್ಮ ಮಲಪ್ರಭಾ ಯೋಜನೆಯ ಕಾಲುವೆಗಳಲ್ಲಿಯೇ ಬಳಸಲಾಯಿತು. ಎರೆಯಲ್ಲಿ ಹಾದುಹೋಗುವ ಕಾಲುವೆಯ ಹೊದಿಕೆ ಒಡೆಯದಂತೆ ಅದರ ಕೆಳಗೆ ಇಂಥ ಮಣ್ಣಿನ ಪದರನ್ನು ಹಾಸಿದರು. ಮನೆಗೆ ಬಳಸುವಾಗ 15-20 ಸೆಂ.ಮೀ. ದಪ್ಪದ ಒಂದೊಂದೇ ಪದರು ಹಾಕಿ, ಹದವಾಗಿ ನೀರು ಚಿಮುಕಿಸಿ ಬಡಿಯಬೇಕು. ಟಿಪ್ಪರಿನಿಂದ ಒಮ್ಮೆಲೆ ಸುರಿದು ನೀರು ಬಿಡುವುದು ತುಂಬಿದಂತಲ್ಲ. ತರುವ ಗರಸನ್ನೂ ಮೊದಲು ಬಾಟಲಿಯ ಪರೀಕ್ಷೆಗೆ ಹಾಕಿರಿ. ಬರಿಯ ಮಳಲು ತುಂಬುವುದು ಕೆಲವರ ರೂಢಿ. ಅದು ನನಗೆ ಸರಿಕಾಣುವುದಿಲ್ಲ. ಮಳಲಿನಲ್ಲಿ ನೀರು ನಿಂತು ಕೆಳಗಿನ ಎರೆಗೆ ನಿಧಾನವಾಗಿ ಕುಡಿಸುತ್ತದೆ.

ಇನ್ನೊಂದು ದಾರಿ ಬುಡದಲ್ಲಿ ಗಡ್ಡೆಯಾಕಾರಕ್ಕೆ ಅಗಲವಾಗುವ ಕಾಂಕ್ರೀಟು ಕಂಬಗಳು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಎರೆ ಭೂಮಿಗಾಗಿ ಇದನ್ನು ಬಳಕೆಗೆ ತಂದರು. ಕೈಯಿಂದ ತಿರುಗಿಸುವ ಬೈರಿಗೆಯಿಂದಲೇ ತೂತು ಕೊರೆದು, ತಳದಲ್ಲಿ ಕಂಬದ ಎರಡೂವರೆ ಪಟ್ಟು ಅಗಲ ಮಾಡಿ ಕಬ್ಬಿಣ, ಕಾಂಕ್ರೀಟು ತುಂಬುತ್ತಾರೆ. ಆಳವಾದ ಎರೆಯಲ್ಲಿ ಕನಿಷ್ಠ ಮೂರೂವರೆ ಮೀಟರು ಇಳಿಯಬೇಕು. ಆ ಆಳದಲ್ಲಿ ಮಳೆ-ಬೇಸಿಗೆಯ ವ್ಯತ್ಯಾಸ ತಟ್ಟುವುದು ಬಹಳ ಕಡಿಮೆ. ಕಂಬಗಳ ಮೇಲೆ ತೊಲೆ ಹಾಸಿ ಗೋಡೆ ಎಬ್ಬಿಸುವಾಗ ತೊಲೆಗೂ ನೆಲಕ್ಕೂ ನಡುವೆ ಸುಮಾರು 8 ಸೆಂ.ಮೀ. ಖಾಲಿ ಬಿಡಬೇಕು. ಕೆಲಸದವರು ಇದನ್ನು ತಪ್ಪೆಂದು ಭಾವಿಸಿ ಮಣ್ಣು ತುಂಬಿಬಿಡುತ್ತಾರೆ, ಎಚ್ಚರವಿರಲಿ. ಆ ಸಂದು ಇರುವುದೇ ಮಣ್ಣು ಉಬ್ಬಲು ಜಾಗವಿರಲೆಂದು. ಈ ಕೆಲಸವನ್ನು ಇಂಜಿನಿಯರರ ಲೆಕ್ಕವಿಲ್ಲದೆ ಕೈಗೊಳ್ಳಬಾರದು.

ಕಟ್ಟಿದ ಮೇಲೆ ನೀರಿನ ಕಡೆ ಲಕ್ಷ್ಯ

ಎಂಥ ಪಾಯಾ ಹಾಕಿದರೂ ಗೋಡೆಯ ಒಂದು ಬದಿ ನೆನೆದು ಇನ್ನೊಂದು ಬದಿ ಒಣಗಿದರೆ ಅಪಾಯ ತಪ್ಪಿದ್ದಲ್ಲ. ಮನೆಯ ಸುತ್ತ 5-6 ಅಡಿ ಅಗಲ, ಹೊರಕ್ಕೆ ಇಳಿಜಾರಾಗಿ ಗಚ್ಚಿನ ಕಟ್ಟೆ ಹಾಕಿರಿ. ಬಚ್ಚಲ ನೀರು, ದನದ ನೀರಿನ ತೊಟ್ಟಿ, ನಲ್ಲಿಯ ಸೋರಿಕೆ ಗೋಡೆಯ ಬುಡಕ್ಕೆ ಇಳಿಯದಿರಲಿ. ತೋಟದ ಮನೆಯ ಹಿತ್ತಲ ಗೋಡೆಗೆ ತಾಗಿಯೇ ಕಬ್ಬಿಗೆ ನೀರು ಹಾಯಿಸುವುದು ನಮ್ಮಲ್ಲಿ ಎಲ್ಲೆಡೆ ಕಾಣುತ್ತದೆ. ನಾಲ್ಕು ಸಾಲು ಕಬ್ಬು ಕಡಿಮೆಯಾದರೂ ಚಿಂತೆಯಿಲ್ಲ, ಅಷ್ಟು ಜಾಗ ಬಿಡಿರಿ. ದೊಡ್ಡ ಮರಗಳು ಇದಕ್ಕೆ ವಿರುದ್ಧ ಕೆಲಸ ಮಾಡುತ್ತವೆ. ಬೇವು, ಅರಳಿ, ನೀಲಗಿರಿಗಳ ಬೇರು ಪಾಯಾದ ಕೆಳಗಿನ ತೇವ ಹೀರಿ ಆ ಬದಿಯನ್ನು ಕುಗ್ಗಿಸುತ್ತದೆ. ಮರ ಎಷ್ಟು ಎತ್ತರ ಬೆಳೆಯುವುದೋ ಅಷ್ಟು ದೂರ ಹಚ್ಚುವುದು ಒಳ್ಳೆಯದು.

ಸವಳು-ಜವಳು ಆದ ಹೊಲದ ಅಂಚಿಗೆ ಕಟ್ಟುವವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿ ನೀರಿನ ಮಟ್ಟ ಮೇಲಿದ್ದು ಮಣ್ಣು ವರ್ಷವಿಡೀ ಮೆತ್ತಗಿರುತ್ತದೆ. ಉಬ್ಬು-ಕುಗ್ಗು ಕಡಿಮೆ, ಆದರೆ ಹೊರುವ ಬಲವೇ ಕಡಿಮೆ. ಪೆಟ್ಟಿನ ಪರೀಕ್ಷೆಯ ನಿಜವಾದ ಉಪಯೋಗ ಇಂಥಲ್ಲಿ, ಹೊಳೆದಂಡೆಯ ಮಳಲು ನೆಲದಲ್ಲಿ, ಮತ್ತು ಭಾರದ ಕಟ್ಟಡಗಳಲ್ಲಿ.

ವರದಿ ಮಾಡಿಸುವಾಗ ಕೇಳಬೇಕಾದುದು

ಸಂಘದ ಗೋದಾಮು, ಎರಡು-ಮೂರು ಅಂತಸ್ತಿನ ಮನೆ, ಎತ್ತರದ ನೀರಿನ ತೊಟ್ಟಿ, ಹೊಳೆಯ ದಂಡೆಯ ಪಂಪುಮನೆ ಇವುಗಳಿಗೆ ಯಂತ್ರದಿಂದಲೇ ಪರೀಕ್ಷೆ ಮಾಡಿಸಿರಿ. ಒಂದು ಎಕರೆಯಷ್ಟು ಜಾಗದ ಕಟ್ಟಡಕ್ಕೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಹೀಗೆ ಐದು ತೂತು ಕೊರೆಯುವುದು ವಾಡಿಕೆ. ಸಣ್ಣ ಕಟ್ಟಡಕ್ಕೆ ನಡುವಿನ ಒಂದು ಸಾಕಾಗಬಹುದು. ಪರೀಕ್ಷೆ ನಡೆಯುವ ದಿನ ನೀವು ಅಲ್ಲಿಯೇ ಇರಿ. ಸುತ್ತಿಗೆ ಪ್ರತಿಸಲ ಪೂರ್ತಿ 75 ಸೆಂ.ಮೀ. ಏರಿ ಬೀಳುತ್ತಿದೆಯೇ ನೋಡಿರಿ. ಹಗ್ಗ ಎಳೆಯುವವರು ದಣಿದಂತೆ ಎತ್ತರ ಕುಗ್ಗುತ್ತದೆ, ಎಣಿಕೆ ಸುಳ್ಳಾಗಿ ಏರುತ್ತದೆ. ವರದಿಯಲ್ಲಿ ಎಣಿಕೆಯ ಜೊತೆಗೆ ಪರೀಕ್ಷೆಯ ತಾರೀಖು, ನೀರು ಸಿಕ್ಕ ಆಳ, ಪ್ರತಿ ಪದರಿನ ತೇವಾಂಶ ಮತ್ತು ಉಬ್ಬುವಿಕೆಯ ಪ್ರಮಾಣ ಬರೆದುಕೊಡಲು ಕೇಳಿರಿ. ಉಬ್ಬುವಿಕೆಯ ಒತ್ತಡವನ್ನೂ ಅಳೆದು ಕೊಟ್ಟರೆ ಇನ್ನೂ ಒಳ್ಳೆಯದು. ಮೇ ತಿಂಗಳ ತಾರೀಖಿದ್ದು, ಮೇಲಿನ ಎರಡು ಮೀಟರಿನಲ್ಲಿ ದೊಡ್ಡ ಎಣಿಕೆ ಇದ್ದು, ಉಬ್ಬಿನ ಕಾಲಮು ಖಾಲಿ ಇದ್ದರೆ ಆ ವರದಿಯ ಮೇಲೆ ಪಾಯಾ ತೋಡಬೇಡಿರಿ.

ಈ ಹಂಗಾಮಿನಲ್ಲಿ ಕಟ್ಟುವ ವಿಚಾರವಿದ್ದವರು ಕುಣಿಯನ್ನು ಮುಂಗಾರು ಮುಗಿಯುತ್ತಲೇ ತೋಡಿಸಿ ನೆನೆದ ನೆಲವನ್ನು ನೋಡಿರಿ. ಮತ್ತೆ ಏಪ್ರಿಲ್‌ನಲ್ಲಿ ಅದರ ಮಗ್ಗುಲಿಗೆ ಇನ್ನೊಂದು ತೋಡಿ ಒಣ ನೆಲವನ್ನೂ ನೋಡಿರಿ. ಎರಡೂ ಸಲದ ಮಣ್ಣಿನ ಚೀಲಗಳನ್ನು ಆಳ, ತಾರೀಖು ಬರೆದು ಇಟ್ಟುಕೊಂಡು ಇಂಜಿನಿಯರರ ಬಳಿ ಹೋಗುವಾಗ ತೆಗೆದುಕೊಂಡು ಹೋಗಿರಿ. ಪರಿಶೋಧನೆಯ ಕುಣಿಗಳನ್ನು ಹಾಗೆಯೇ ಬಿಡದೆ, ಪಾಯಾದ ಗೆರೆಯೊಳಗೆ ಬಂದಿದ್ದರೆ ಗರಸಿನಿಂದ, ಹೊರಗಿದ್ದರೆ ತೆಗೆದ ಮಣ್ಣಿನಿಂದಲೇ ಪದರು ಪದರಾಗಿ ಬಡಿದು ಮುಚ್ಚಿರಿ.